ಕೆಸರಲ್ಲಿ ಕಚ್ಚಿ ನಿಂತ ಲಂಗರು

ನಾಲ್ಕು ಕೊಕ್ಕೆಯ ಲಂಗರು ಕಲ್ಲಿಗೆ ಸರಿ, ಕೆಸರಿಗಲ್ಲ. ಮಲ್ಪೆ, ಕಾಪು ಕಡೆ ಗಾಳ ಹಾಕುವವರಿಗೆಲ್ಲ ಇದು ಗೊತ್ತು. ಆದರೂ ಜಾರಿದಾಗ ಎಲ್ಲರೂ ಮಾಡುವುದು ಒಂದೇ, ಇನ್ನಷ್ಟು ಭಾರದ ಕೊಕ್ಕೆ ಮಾಡಿಸುವುದು. ನನ್ನ 28 ಅಡಿ ಫೈಬರ್ ದೋಣಿಯಲ್ಲಿದ್ದದ್ದು ಹತ್ತಿರಹತ್ತಿರ 20 ಕಿಲೋದ್ದು. ಹತ್ತು ಮಾರು ನೀರಲ್ಲಿ ಮಧ್ಯಾಹ್ನದ ಗಾಳಿ ಎದ್ದರೆ ಸಾಕು, ಕೆಸರು ಗೀರಿಕೊಂಡು ಬಂದುಬಿಡುತ್ತಿತ್ತು. ಮುರು, ಕೆಂಬೇರಿ ಮೀನು ಕಚ್ಚುವ ಪಾರೆಯ (ನೀರಡಿಯ ಬಂಡೆಯ) ಅಂಚು ಎಲ್ಲೋ, ದೋಣಿ ಎಲ್ಲೋ. ಮತ್ತೆ ಎತ್ತಬೇಕು, ಮತ್ತೆ ಪೆಟ್ರೋಲ್ ಸುಡಬೇಕು.

ಮಳೆಗಾಲದಲ್ಲಿ ಶೆಡ್ಡಿನಲ್ಲೇ ಡ್ಯಾನ್‌ಫೋರ್ತ್ ಮಾದರಿಯ ಚಪ್ಪಟೆ ರೆಕ್ಕೆಯ ಲಂಗರು ಕಟ್ಟಿದೆ. ತೂಕ 11 ಕಿಲೋ. ದಕ್ಕೆಯಲ್ಲಿ, ಅಂದರೆ ದೋಣಿ ಕಟ್ಟುವ ಕಟ್ಟೆಯಲ್ಲಿ, ನೋಡಿದವರು ‘ಇದು ಹೊಳೆಗೆ ಆದೀತು, ಕಡಲಿಗಲ್ಲ’ ಎಂದರು. ರೆಕ್ಕೆಗೆ 6 ಮಿಲಿಮೀಟರ್ ಪ್ಲೇಟು, ಬಾಗದಂತೆ ಹಿಂದೆ ಪಕ್ಕೆಲುಬು. ನಡುವಿನ ಉದ್ದ ದಂಡಕ್ಕೆ ಮೊದಲು ಹಾಕಿದ 8 ಮಿಲಿಮೀಟರ್ ಪಟ್ಟಿ ಪಾರೆಯ ಸಂದಿಗೆ ಸಿಕ್ಕಿ, ಅಡ್ಡ ಎಳೆತಕ್ಕೆ ಬಾಗಿಹೋಯಿತು. ನೆಟ್ಟಗೆ ಮಾಡಿಸಿದರೂ ಮತ್ತೆ ಅಲ್ಲೇ ಬಾಗಿತು. ಸುಮಾರು 1,500 ರೂಪಾಯಿ ಗುಜರಿಗೆ. ಈಗಿನದು 12 ಮಿಲಿಮೀಟರ್, ಅಲುಗಾಡಿಲ್ಲ.

ರೆಕ್ಕೆ ತೆರೆಯುವ ಕೋನವೇ ಇದರ ಜೀವ. ಮರಳಿಗೆ 32 ಡಿಗ್ರಿ, ಮೆತ್ತನೆ ಕೆಸರಿಗೆ 45. ತಡೆಬೋಲ್ಟಿಗೆ ಎರಡು ತೂತು ಕೊರೆದಿದ್ದೇನೆ, ಕಡಲಿಗಿಳಿಯುವ ಮೊದಲು ಬದಲಿಸಿಕೊಳ್ಳುತ್ತೇನೆ. ಗ್ಯಾಲ್ವನೈಸಿಂಗಿಗೆ (ತುಕ್ಕು ತಡೆಯುವ ಸತುವಿನ ಲೇಪಕ್ಕೆ) ರೆಕ್ಕೆ, ದಂಡ ಬೇರೆ ಬೇರೆಯಾಗಿಯೇ ಕೊಡಿ. ಜೋಡಿಸಿ ಮುಳುಗಿಸಿದರೆ ಸತು ತುಂಬಿ ಕೀಲು ಅಂಟಿಹೋಗುತ್ತದೆ. ಪೈಪು ಬಳಸಿದ್ದರೆ ಗಾಳಿ ಹೋಗಲು ತೂತು ಇರಲೇಬೇಕು, ಇಲ್ಲದಿದ್ದರೆ ಬಿಸಿ ಸತುವಿನಲ್ಲಿ ಅದು ಸಿಡಿಯಬಹುದು.

ಹೆಚ್ಚು ದುಡ್ಡು ತಿಂದದ್ದು ಸರಪಳಿ ಮತ್ತು ಹಗ್ಗ. 8 ಮಿಲಿಮೀಟರಿನ ಸರಪಳಿ 10 ಮೀಟರ್, ತೂಕ 14 ಕಿಲೋ ಆಸುಪಾಸು. ‘ಅಲ್ಲಿಗೆ 25 ಕಿಲೋ ಆಯ್ತಲ್ಲ, ಉಳಿದದ್ದೇನು?’ ಎಂದು ದಕ್ಕೆಯವರು ಕೇಳಿದರು. ಸರಪಳಿಯಿಲ್ಲದೆ ಅದೇ ಲಂಗರನ್ನು ಅದೇ ಜಾಗದಲ್ಲಿ ಬಿಟ್ಟು ತೋರಿಸಿದೆ, ಕಚ್ಚಲೇ ಇಲ್ಲ. ಸರಪಳಿ ಹಾಕಿದೊಡನೆ ಕಚ್ಚಿತು. ಪಾಲಿಪ್ರೊಪಿಲೀನ್ ಹಗ್ಗ ತೇಲಿ ಪ್ರೊಪೆಲ್ಲರಿಗೆ ಸುತ್ತುವುದರಿಂದ ಅದನ್ನು ಬಿಟ್ಟು 14 ಮಿಲಿಮೀಟರ್ ನೈಲಾನ್ 100 ಮೀಟರ್ ತಂದೆ. ಮುಳುಗುತ್ತದೆ, ಎಳೆದರೆ ಹಿಗ್ಗುತ್ತದೆ, ಅಲೆಯ ಪೆಟ್ಟು ದೋಣಿಗೆ ಬಡಿಯುವುದಿಲ್ಲ. ಹಗ್ಗ ಉಜ್ಜುವಲ್ಲಿ ಹಳೆಯ ಅಗ್ನಿಶಾಮಕ ಪೈಪಿನ ತುಂಡು ತೊಡಿಸಿದ್ದೇನೆ. ಅಂಗಡಿಯವರು ಒತ್ತಾಯಿಸಿ ಕೊಟ್ಟ ಸ್ಟೇನ್‌ಲೆಸ್ ಶಾಕಲ್ (ಪಿನ್ನು ಹಾಕಿ ಮುಚ್ಚುವ ಜೋಡಣೆಯ ಕೊಂಡಿ) ಪಕ್ಕದ ಸರಪಳಿ ಕೊಂಡಿಯ ಸತುವನ್ನು ಒಂದೇ ಸೀಸನ್ನಿನಲ್ಲಿ ತಿಂದುಹಾಕಿತು. ಈಗ ಗ್ಯಾಲ್ವನೈಸ್ಡ್ ಶಾಕಲ್ಲೇ, ಪಿನ್ನಿಗೆ ತಂತಿಯ ಕಟ್ಟು.

ಎಲ್ಲಾ ಸೇರಿ 13 ಸಾವಿರದ ಹತ್ತಿರ ಬಿತ್ತು. ಹಳೇ ಮಾದರಿಯ ಕೊಕ್ಕೆ ಮೂರು ಸಾವಿರದೊಳಗೆ ಸಿಗುತ್ತದೆ, ನಿಜ. ಜಾರಿ ಸುಟ್ಟ ಪೆಟ್ರೋಲ್ ಲೆಕ್ಕ ಹಾಕಿದರೆ ಒಂದೇ ಸೀಸನ್ನಿನಲ್ಲಿ ನನ್ನ ದುಡ್ಡು ವಾಪಸ್.

ಪರೀಕ್ಷೆಗೆ ನೀರಿನ ಆಳದ ಐದು ಪಟ್ಟು ಹಗ್ಗ ಬಿಟ್ಟು, ಎಂಜಿನ್ ರಿವರ್ಸಿನಲ್ಲಿ ನಿಧಾನ ಏರಿಸಿ, ಕಾಪು ದೀಪಸ್ತಂಭವನ್ನು ಅದರ ಹಿಂದಿನ ತೆಂಗಿನ ಸಾಲಿಗೆ ಹೊಂದಿಸಿ ನೋಡಿದೆ. ಗುರುತು ಕದಲಲಿಲ್ಲ. ನನ್ನ ಅಂಜಿಕೆ ಇದ್ದದ್ದು ರಾತ್ರಿಯದು. ದಡದ ಗಾಳಿ ತಿರುಗಿದಾಗ ದೋಣಿ ಪೂರ್ತಿ ಎದುರು ದಿಕ್ಕಿಗೆ ತಿರುಗಿ ನಿಲ್ಲುತ್ತದೆ, ಈ ಜಾತಿಯ ಲಂಗರು ಕಿತ್ತುಬರುವುದು ಆಗಲೇ. ಜಿಪಿಎಸ್ ಹಾಕಿ ಕೂತು ನೋಡಿದೆ. ಕಿತ್ತಿತು, ಎರಡು ಮಾರು ಜಾರಿ ಮತ್ತೆ ಕಚ್ಚಿತು.

ನಡುವೆ ಸಿಮೆಂಟ್ ತುಂಬಿದ ಡಬ್ಬವೊಂದನ್ನು ಹಗ್ಗದ ಮೇಲೆ ಜಾರಿಬಿಟ್ಟು ನೋಡಿದ್ದೆ. ದೋಣಿಯ ತೂಗಾಟ ಕಡಿಮೆಯಾಯಿತು, ಎತ್ತುವಾಗ ಸೊಂಟ ಹೋಯಿತು. ಕೈಬಿಟ್ಟೆ. ಹಗ್ಗಕ್ಕೆ ದೊಡ್ಡ ಉಂಗುರ, ಉಂಗುರಕ್ಕೆ ತೇಲುವ ಬೋಯಾ ಕಟ್ಟಿ ದೋಣಿಯನ್ನು ಮುಂದಕ್ಕೆ ಓಡಿಸುವುದು ಮಾತ್ರ ಕೈಗೂಡಿತು: ಬೋಯಾ ಹಗ್ಗದ ಮೇಲೆ ಓಡಿ ಲಂಗರನ್ನು ತಾನೇ ಮೇಲಕ್ಕೆ ತರುತ್ತದೆ. ಹಗ್ಗ ಪ್ರೊಪೆಲ್ಲರಿನಿಂದ ದೂರವಿರಲಿ, ದೋಣಿ ಕೋನವಾಗಿ ಓಡಲಿ.

ಕಲ್ಲಿಗೆ ಸಿಕ್ಕಿದರೆ ಬಿಡಿಸಲು ಸರಪಳಿಯ ತುದಿಯನ್ನು ಲಂಗರಿನ ಬುಡಕ್ಕೆ ಶಾಕಲ್ ಹಾಕಿ, ದಂಡದ ತುದಿಗೆ ದಾರದಿಂದ ಕಟ್ಟಿದ್ದೇನೆ. ಜೋರಾಗಿ ಎಳೆದರೆ ದಾರ ಹರಿದು, ಬುಡದ ಕಡೆಯಿಂದ ಲಂಗರು ಮೇಲೆ ಬರುತ್ತದೆ. ಮೊದಲ ಸೀಸನ್ನಿನಲ್ಲಿ ನಕ್ಕವರಲ್ಲೇ ಕೆಲವರು ಈಗ ಪ್ಲೇಟಿನ ಅಳತೆ ಕೇಳಿ ಬರುತ್ತಾರೆ. ಅಳತೆ ಎಲ್ಲರಿಗೂ ಕೊಡುತ್ತೇನೆ. ಯಾವ ದಾರ, ಎಷ್ಟು ಸುತ್ತು ಎನ್ನುವುದನ್ನು ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ.