ಮಾರೋಕಾಗದ ಜೋಳ ಹಸುವಿಗೆ ಹಾಕಿದ ಕಥೆ

ಅರಕಲಗೂಡು ಕಡೆ ನಮ್ಮದು ಎರಡೂವರೆ ಎಕರೆ. ಹೊಗೆಸೊಪ್ಪು ಬಿಟ್ಟು ಮುಸುಕಿನ ಜೋಳಕ್ಕೆ ಬಂದವರು ನಾವು. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು.

ಆ ವರ್ಷ ಸರಿಯಾಗಿ ಕೊಯ್ಲಿಗೇ ಮಳೆ ಹಿಡಿಯಿತು. ಮುರಿದ ತೆನೆಗಳನ್ನು ಕಣದಲ್ಲಿ ರಾಶಿ ಹಾಕಿ ಟಾರ್ಪಾಲ್ ಹೊದಿಸಿದೆ. ನೆನೆಯದಿದ್ದರೆ ಸಾಕು ಅನ್ನೋದಷ್ಟೇ ತಲೆಯಲ್ಲಿತ್ತು. ಐದನೇ ದಿನ ಬಿಸಿಲು ಬಂತು. ಟಾರ್ಪಾಲ್ ಸರಿಸಿ ರಾಶಿಯೊಳಗೆ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬಿಸಿ. ಮುಗ್ಗಲು ವಾಸನೆ ಬೇರೆ. ತೆನೆ ತುದಿಯಲ್ಲಿ, ಕಾಳುಗಳ ಸಂದಿಯಲ್ಲಿ, ಹಳದಿ ಹಸಿರು ಬೂಸ್ಟು. ಊದಿದೆ, ಹೊಗೆ ತರ ಎದ್ದಿತು. ಊದಬಾರದಿತ್ತು, ಆಮೇಲೆ ಗೊತ್ತಾಯಿತು.

ಚೆನ್ನಾಗಿದ್ದದ್ದನ್ನು ಮಂಡಿಗೆ ಕಳಿಸಿದೆವು. ಕೆಟ್ಟದ್ದು ನಾಲ್ಕು ಚೀಲ ಉಳಿಯಿತು.

"ಬಿಸಾಕೋಕಾಯ್ತದಾ? ಮಿಲ್ ಮಾಡಿಸ್ಕೊಂಡ್ ಬಾ, ಹಸ ತಿಂತದೆ" ಅಂದಳು ಅವ್ವ. ನನಗೂ ಸರಿ ಅನ್ನಿಸಿತು.

ಎರಡು ವಾರ ಹಾಕಿರಬೇಕು. ಒಂದು ಹಸು ಮೇವು ಬಿಟ್ಟಿತು. ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಡಾಕ್ಟರು ಬಂದು ಜ್ವರ ನೋಡಿದರು, ಕೆಚ್ಚಲು ನೋಡಿದರು. ಆಮೇಲೆ ಹಿಟ್ಟಿನ ಚೀಲದ ಹತ್ತಿರ ಹೋಗಿ ಒಂದು ಹಿಡಿ ತೆಗೆದು ಮೂಸಿದರು.

"ಇದನ್ನ ನೀವು ತಿಂತೀರೇನ್ರೀ?"

"ಇಲ್ಲ ಸಾರ್."

"ತಿಂತಾ ಇದೀರ. ಹಾಲಲ್ಲಿ."

ಈ ಬೂಸ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡಬಹುದಂತೆ. ಹಸು ತಿಂದರೆ ಒಂದು ದಿನದೊಳಗೆ ಅದರ ಒಂದಂಶ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗಲ್ಲ. ರೊಟ್ಟಿ ಸುಟ್ಟರೂ, ಗಂಜಿ ಕುದಿಸಿದರೂ ಅಷ್ಟೇ. ಜಾಸ್ತಿ ಹೊಟ್ಟೆಗೆ ಹೋದರೆ ಲಿವರ್ ಕೆಟ್ಟು ಕಾಮಾಲೆ ಬರುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಜಾಸ್ತಿ ಜನ ಸತ್ತಿದ್ದಾರೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೋದರೆ ಲಿವರ್ ಕ್ಯಾನ್ಸರ್ ಬರಬಹುದು. ಕಾಳಿಗೆ ಕಾನೂನಿನ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಹಾಲಿಗೆ ಅರ್ಧ ಮೈಕ್ರೋಗ್ರಾಂ. ಕಣ್ಣಿಗೆ ಕಾಣೋ ಲೆಕ್ಕವೇ ಅಲ್ಲ. ಚೆನ್ನಾಗಿ ಕಾಣುವ ಕಾಳಲ್ಲೂ ಇರಬಹುದು.

ನಾನು ಹಿಟ್ಟನ್ನು ಪರೀಕ್ಷೆಗೆ ಕಳಿಸಲಿಲ್ಲ, ಹಾಗಾಗಿ ಅದೇ ಕಾರಣ ಅಂತ ಆಣೆ ಮಾಡಲಾರೆ. ನಿಲ್ಲಿಸಿದೆ, ಹಸು ಚೇತರಿಸಿಕೊಂಡಿತು. ಅದಿರಲಿ, ಆ ಎರಡು ವಾರ ನನ್ನ ಮಗಳು ದಿನಾ ಎರಡು ಲೋಟ ಕುಡಿದಿದ್ದಳು. ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಈಗ ತೆನೆ ರಾಶಿ ಹಾಕೋದೇ ಇಲ್ಲ. ಮಳೆ ಬಂದರೆ ಜಗಲಿ, ಪಡಸಾಲೆ, ಎಲ್ಲಾ ಕಡೆ ತೆಳ್ಳಗೆ ಹರವುತ್ತೇವೆ. ನಡೆಯೋಕೂ ಜಾಗ ಇರಲ್ಲ, ಮನೆಯವಳು ಬೈಯುತ್ತಾಳೆ. ಮಣ್ಣಿನ ಮೇಲೆ ಒಣಗಿಸಲ್ಲ, ಕೆಳಗೆ ಟಾರ್ಪಾಲ್ ಇರಲೇಬೇಕು. ಹುಳ ತಿಂದ ತೆನೆ ಮೊದಲೇ ಬೇರೆ. ಆ ತೂತಿನಿಂದ ಬೂಸ್ಟು ಸುಲಭವಾಗಿ ಹೊಕ್ಕುತ್ತದೆ.

ಒಣಗಿದೆಯೋ ಇಲ್ಲವೋ ಅನ್ನೋದೇ ದೊಡ್ಡ ತಲೆನೋವು. ಮೊದಲು ಹಲ್ಲಲ್ಲಿ ಕಡಿದು ನೋಡುತ್ತಿದ್ದೆ. ಅದು ಸುಮ್ನೆ ಅಂದಾಜು. ಈಗ ಉಪ್ಪಿನ ಬಾಟಲಿ. ಒಣಗಿದ ಗಾಜಿನ ಬಾಟಲಿಗೆ ಒಂದೆರಡು ಹಿಡಿ ಕಾಳು, ಎರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ಹದಿನೈದು ನಿಮಿಷ ಇಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇಕಡ 15ಕ್ಕಿಂತ ಜಾಸ್ತಿ. ಅಂಟದಿದ್ದರೂ ನಾನು ಇನ್ನೆರಡು ಬಿಸಿಲು ಕೊಡುತ್ತೇನೆ. ಚೀಲ ಕಟ್ಟಿಡೋಕೆ 13ರ ಹತ್ತಿರ ಬರಬೇಕು. ಕೊನೆಗೆ ಮಂಡಿಯಲ್ಲಿ ಮೀಟರ್ ಇಟ್ಟು ನೋಡಿಸುತ್ತೇನೆ. ಚೀಲ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ.

ಹೋದ ವರ್ಷ ಒಂದೂವರೆ ಚೀಲ ಕೆಟ್ಟಿತು. ತೋಟದ ಮೂಲೆಯಲ್ಲಿ ಗುಂಡಿ ತೋಡಿದೆ. ಅವ್ವ ಬಂದು ನಿಂತಳು.

"ಕೋಳಿಗಾದ್ರೂ ಹಾಕ್ಬೋದಿತ್ತು ಕಣೋ."

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿ ಕಡಲೆಕಾಯಿ ಹಿಂಡಿ ತಿಂದು ಸತ್ತವಂತೆ, ಈ ವಿಷ ಇದೆ ಅಂತ ಗೊತ್ತಾಗಿದ್ದೇ ಅದರಿಂದ ಅಂದೆ.

"ಒಂದ್ ಲಕ್ಷವಾ?" ಅಂದವಳು ಗುದ್ದಲಿ ಇಸಿದುಕೊಂಡು ತಾನೇ ಮಣ್ಣು ಎಳೆಯೋಕೆ ಶುರು ಮಾಡಿದಳು.