ಬದಿಯಡ್ಕದ ಮನೆಯಲ್ಲಿ ಮಾಡಿದ ಡಿಸಿಪಿ, ಟಾಕೀಸಿನ ಪರದೆ ಮೇಲೆ ಯಕ್ಷಗಾನ ಆಟ

ಡಿಸಿಪಿ ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್, ಟಾಕೀಸಿನಲ್ಲಿ ಓಡಿಸಲು ಕೊಡುವ ಸಿನಿಮಾ ಫೈಲುಗಳ ಕಟ್ಟು. ಮನೆಯಲ್ಲಿ ಮಾಡಿದ್ದು ಟಾಕೀಸಿನಲ್ಲಿ ಓಡುವುದಿಲ್ಲ ಅಂತ ನನಗೆ ಹೇಳಿದವರು ಏಳೆಂಟು ಜನ ಇರಬಹುದು. ಅದರಲ್ಲಿ ಇಬ್ಬರು ನನ್ನ ಹಾಗೆ ಮದುವೆ ವಿಡಿಯೊ ಮಾಡುವವರೇ. ಓಡಿತು. ನಾನು ಮಾಡಿದ ಯಕ್ಷಗಾನ ಆಟದ ಡಿಸಿಪಿ 1 ಗಂಟೆ 40 ನಿಮಿಷ, ಎಲ್ಲೂ ನಿಲ್ಲದೆ, ಸುಮಾರು 200 ಜನರ ಎದುರು ಓಡಿತು. ಹೇಗೆ ಮಾಡಿದಿರಿ ಅಂತ ಈಗ ಫೋನಿನ ಮೇಲೆ ಫೋನ್. ಪ್ರತಿಯೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದು ಬಿಡುತ್ತೇನೆ.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿ ಟಾಕೀಸಿನಲ್ಲಿ ಕನ್ನಡ ಕೇಳಿಸುವುದೇ ಅಪರೂಪ. ಆದರೆ ಆಟ ನೋಡುವ ಜನಕ್ಕೆ ಬರಗಾಲ ಇಲ್ಲ. ಕುಂಬಳೆ ಸೀಮೆ ಅಲ್ವಾ, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ನೆಲ. ಹನ್ನೆರಡು ವರ್ಷದಿಂದ ಆಟಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಎಲ್ಲವೂ ಕೊನೆಗೆ ಮೊಬೈಲಿನ ಅಂಗೈಯಗಲದ ಪರದೆಗೆ ಹೋಗಿ ಸೇರುತ್ತದೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಒಮ್ಮೆಯಾದರೂ ದೊಡ್ಡ ಪರದೆಯಲ್ಲಿ ತೆರೆ ಸರಿಸಿ ಬರಬೇಕು ಅಂತ ನನಗೆ ಆಸೆ ಇತ್ತು.

ಒಂದು ಕಾಲಮಿತಿ ಆಟವನ್ನು (ಇಡೀ ರಾತ್ರಿಯದಲ್ಲ, ಕೆಲವೇ ಗಂಟೆಯದು) ಮೂರು ಕ್ಯಾಮೆರಾದಲ್ಲಿ ತೆಗೆದೆ. ಪದ್ಯ ಹಾಡುವ ಭಾಗವತರಿಗೆ, ಚೆಂಡೆಗೆ, ಮದ್ದಲೆಗೆ, ವೇಷಗಳ ಮಾತಿಗೆ ಬೇರೆ ಬೇರೆ ಟ್ರ್ಯಾಕ್. ಮೇ ಕೊನೆಯ ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ನನಗೂ ಕೆಲಸ ಕಡಿಮೆ. ಮಳೆಗಾಲದಲ್ಲಿ ಕೂತು 96 ನಿಮಿಷಕ್ಕೆ ಎಡಿಟ್ ಮಾಡಿದೆ. 1080ಪಿ, ಸೆಕೆಂಡಿಗೆ 25 ಫ್ರೇಮ್. ಈ 25 ಮುಂದೆ ಎಷ್ಟು ಕಾಡಿತು ಅಂತ ಹೇಳುತ್ತೇನೆ.

ಡಿಸಿಪಿ ಮಾಡಿಸಲು ಎಷ್ಟಾಗುತ್ತದೆ ಅಂತ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಕೇಳಿದೆ. 45 ಸಾವಿರದ ಆಸುಪಾಸು ಹೇಳಿದರು. ತಪ್ಪಾದರೆ ಮತ್ತೆ ಮಾಡಿಸಲು ಮತ್ತೆ ದುಡ್ಡು. ಟಾಕೀಸಿನಲ್ಲಿ ಹಾಕಿ ನೋಡದೆ ಅಷ್ಟು ಕೊಡಲು ನನಗೆ ಧೈರ್ಯ ಬರಲಿಲ್ಲ. ಡಿಸಿಪಿ ಮಾಡುವ ಸಾಫ್ಟ್‌ವೇರ್ ಡಿಸಿಪಿ-ಓ-ಮ್ಯಾಟಿಕ್ ಪುಕ್ಕಟೆ ಸಿಗುತ್ತದೆ. ನಾನೇ ಮಾಡುತ್ತೇನೆ ಅಂತ ಹೊರಟೆ.

ಮೊದಲ ಪೆಟ್ಟು ತಿಂದದ್ದು ಸಾಫ್ಟ್‌ವೇರಿನಿಂದ ಅಲ್ಲ. ಹತ್ತಿರದ ಒಂದು ಟಾಕೀಸಿಗೆ ಸಾವಿರ ರೂಪಾಯಿ ಮುಂಗಡ ಕೊಟ್ಟು ಬಂದಿದ್ದೆ. ಆಮೇಲೆ ನೋಡಿದರೆ ಅಲ್ಲಿ ಡಿಸಿಪಿ ಓದಿ ಪ್ರೊಜೆಕ್ಟರಿಗೆ ಕೊಡುವ ಕಂಪ್ಯೂಟರು, ಅಂದರೆ ಸರ್ವರೇ ಇಲ್ಲ. ಟಾಕೀಸು ಡಿಜಿಟಲ್ ಅಂದ ಕೂಡಲೇ ಡಿಸಿಪಿ ಓಡುತ್ತದೆ ಅಂದುಕೊಳ್ಳಬೇಡಿ. ಹಾಲಿವುಡ್ ಸ್ಟುಡಿಯೊಗಳು ಸೇರಿ 2005ರಲ್ಲಿ ಡಿಜಿಟಲ್ ಸಿನಿಮಾಕ್ಕೆ ಡಿಸಿಐ ಎಂಬ ನಿಯಮ ಹೊರಡಿಸಿದವು. ಚಿತ್ರ ಕಡಿಮೆ ಅಂದರೆ 2ಕೆ ಗಾತ್ರ, ಜೆಪೆಗ್ 2000 ಎಂಬ ರೂಪದಲ್ಲಿ ಇರಬೇಕು. ನಮ್ಮ ಸಣ್ಣ ಊರುಗಳ ಟಾಕೀಸಿಗೆ ಆ ಖರ್ಚು ಎಲ್ಲಿಂದ? ತುಂಬಾ ಕಡೆ ಉಪಗ್ರಹದಿಂದ ಸಿನಿಮಾ ಇಳಿಸಿಕೊಳ್ಳುವ ಎಂಪೆಗ್-4 ವ್ಯವಸ್ಥೆ ಬಂತು. ಅದರಿಂದಲೇ ರೀಲಿನ ಪೆಟ್ಟಿಗೆ ಕಾಯದೆ ಶುಕ್ರವಾರವೇ ಹೊಸ ಸಿನಿಮಾ ನೋಡುವ ಭಾಗ್ಯ ನಮಗೆ ಬಂದದ್ದು, ಅದು ನಿಜ. ಆದರೆ ಅದು ನಮ್ಮ ಡಿಸಿಪಿಯ ಡಿಸ್ಕನ್ನು ಓದುವುದಿಲ್ಲ. ಹಾಗಾಗಿ ಮೊದಲು ಪ್ರೊಜೆಕ್ಷನ್ ರೂಮಿಗೆ ಹೋಗಿ ಸರ್ವರಿನ ಹೆಸರು, ಮಾಡೆಲ್ ಬರೆದುಕೊಂಡು ಬನ್ನಿ. ದುಡ್ಡಿನ ಮಾತು ಆಮೇಲೆ. ಆ ಸಾವಿರ ವಾಪಸ್ ಬರಲಿಲ್ಲ.

ಎರಡನೇ ಟಾಕೀಸಿನಲ್ಲಿ ಸರಿಯಾದ ಸರ್ವರ್ ಇತ್ತು. ಅಲ್ಲಿಯ ಆಪರೇಟರಣ್ಣನಿಗೆ ಅರುವತ್ತು ದಾಟಿದೆ. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಲ್ಲಿ ಶುರು ಮಾಡಿದವರು. 2000 ಅಡಿಯ ರೀಲು, ಇಪ್ಪತ್ತು ಚಿಲ್ಲರೆ ನಿಮಿಷ, ಪರದೆಯ ಬಲ ಮೂಲೆಯಲ್ಲಿ ಚುಕ್ಕಿ ಕಂಡ ಕೂಡಲೇ ಇನ್ನೊಂದು ಮೆಷಿನ್. ಅವರು ಮೊದಲ ದಿನವೇ ಹೇಳಿದರು, "ಫಿಲ್ಮ್ ಆದರೆ ಹರಿದಲ್ಲಿ ಅಂಟಿಸಿ ಓಡಿಸಬಹುದಿತ್ತು. ಇದು ಒಲ್ಲೆ ಅಂದರೆ ಮುಗೀತು ಮಾರಾಯ." ಅವರು ಹೇಳಿದ್ದು ಸರಿ. ಮೊದಲ ಟೆಸ್ಟಿನಲ್ಲಿ ನನ್ನ ಡಿಸ್ಕ್ ಸರ್ವರಿಗೆ ಕಾಣಲೇ ಇಲ್ಲ. ಡಿಸ್ಕನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿ ಕೊಂಡುಹೋಗಿದ್ದೆ. ಎರಡನೇ ಸಲ ಲಿನಕ್ಸಿನ ಇಎಕ್ಸ್‌ಟಿ3 ಫಾರ್ಮ್ಯಾಟ್, ಅದರ ಐನೋಡ್ ಸೆಟ್ಟಿಂಗ್ 128. ಕಾಣಿಸಿತು, ಆದರೆ ಇಂಜೆಸ್ಟ್, ಅಂದರೆ ಸರ್ವರಿಗೆ ಕಾಪಿ ಆಗುವುದು, ಅರ್ಧಕ್ಕೆ ನಿಂತಿತು. ಮನೆಯಲ್ಲಿ ಗುರುತಿಗೆ ಇರಲಿ ಅಂತ ಚಿತ್ರ, ಶಬ್ದ ಇರುವ ಒಂದು ಎಂಎಕ್ಸ್ಎಫ್ ಫೈಲಿನ ಹೆಸರು ಬದಲಾಯಿಸಿದ್ದೆ. ಫೈಲುಗಳ ಪಟ್ಟಿಯಾದ ಅಸೆಟ್‌ಮ್ಯಾಪ್‌ನಲ್ಲಿ ಹಳೇ ಹೆಸರು ಇದೆ, ಡಿಸ್ಕಿನಲ್ಲಿ ಹೊಸದು. ಡಿಸಿಪಿ ಫೋಲ್ಡರಿನ ಒಳಗೆ ಏನನ್ನೂ ಮುಟ್ಟಬೇಡಿ. ಎಕ್ಸ್ಎಂಎಲ್ ಫೈಲನ್ನು ತೆರೆದು ಸುಮ್ನೆ ಸೇವ್ ಮಾಡಿದರೂ ಅದರ ಹ್ಯಾಶ್ (ಫೈಲು ಬದಲಾಗಿಲ್ಲ ಅಂತ ತೋರಿಸುವ ಗುರುತು) ಹಾಳಾಗಬಹುದು. ಡಿಸ್ಕಿನ ವಿಷಯದಲ್ಲಿ ಆ ಸರ್ವರಿಗೆ ಇನ್ನೊಂದು ಸಣ್ಣ ಕಿಟುಕು ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡಿಸಿಪಿಗೆ ಬೀಗ ಹಾಕಲಿಲ್ಲ. ಹಾಕಿದರೆ ಅದನ್ನು ತೆರೆಯಲು ಕೆಡಿಎಂ ಎಂಬ ಕೀ ಫೈಲು ಬೇಕು, ಅದಕ್ಕೆ ಸರ್ವರಿನ ಸರ್ಟಿಫಿಕೇಟು, ಓಡಿಸುವ ದಿನ, ಗಂಟೆ ಅಂತ ಇನ್ನೊಂದು ತಲೆನೋವು. ನಮ್ಮದು ಒಂದೇ ಊರು, ಒಂದೇ ಡಿಸ್ಕ್.

ಈಗ 25ರ ಕಥೆ. ಆ ಸರ್ವರ್ ಹಳೆಯದು. 25 ಫ್ರೇಮಿನ ಡಿಸಿಪಿ ಪಟ್ಟಿಯಲ್ಲಿ ಬಂತು, ಪ್ಲೇ ಒತ್ತಿದರೆ ಎರರ್. ಸರಿ, 24ಕ್ಕೆ ಇಳಿಸಿದೆ. ನೂರಕ್ಕೆ ನಾಲ್ಕರಷ್ಟು ನಿಧಾನ, 96 ನಿಮಿಷ ಸರಿಯಾಗಿ 100 ಆಯಿತು. ಚಿತ್ರ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಟೆಸ್ಟಿಗೆ ಭಾಗವತರನ್ನು ಕರೆದುಕೊಂಡು ಹೋದೆ. ಮೊದಲ ಪದ್ಯದ ಎರಡನೇ ಸಾಲಿಗೆ ಅವರು ಕೈ ಎತ್ತಿದರು. "ನಿಲ್ಲಿಸು ಮಾರಾಯ. ಇದು ನನ್ನ ಸ್ವರ ಅಲ್ಲ. ಶ್ರುತಿ ಯಾರು ಇಳಿಸಿದ್ದು?" ನನಗೆ ಮೈ ಜುಂ ಅಂತು. ಹಾರ್ಮೋನಿಯಂನ ಒಂದು ಕೀಗಿಂತ ತುಸು ಕಡಿಮೆ ಇಳಿದಿತ್ತು, ಅಷ್ಟೇ. ಅಷ್ಟನ್ನು ಅವರ ಕಿವಿ ಎರಡು ಸಾಲಿನಲ್ಲಿ ಹಿಡಿಯಿತು.

ಶ್ರುತಿ ಹಾಗೇ ಇಟ್ಟು ಸಮಯ ಮಾತ್ರ ಎಳೆಯುವ ಪ್ಲಗಿನ್ ಹಾಕಿದೆ. ಹಾಡು ಸರಿಯಾಯಿತು, ಚೆಂಡೆ ಕೆಟ್ಟಿತು. ಚೆಂಡೆಯ ಪೆಟ್ಟಿನಲ್ಲಿ ಒಂದು ಮೊನೆ ಇರುತ್ತದೆ. ಎಳೆದ ಕೂಡಲೇ ಮೊನೆ ಮೊಂಡಾಗಿ, ಒದ್ದೆ ಚರ್ಮಕ್ಕೆ ಹೊಡೆದ ಹಾಗೆ ಕೇಳಿಸಿತು. ಎರಡು ವಾರ ಇದರಲ್ಲೇ ಕಳೆಯಿತು. ಹಾಡು, ಮಾತು ಒಂದು ದಾರಿಯಲ್ಲಿ, ಚೆಂಡೆ ಮದ್ದಲೆ ಬೇರೆ ದಾರಿಯಲ್ಲಿ ಹೋಗಬೇಕು ಅಂತ ಕೊನೆಗೆ ಗೊತ್ತಾಯಿತು. ಟ್ರ್ಯಾಕ್ ಬೇರೆ ಬೇರೆ ಇದ್ದದ್ದರಿಂದ ಬಚಾವ್. ಚೆಂಡೆಯನ್ನು ಎಳೆಯದೆ ತಾಳಕ್ಕೆ ಹೇಗೆ ಕೂರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ನಿದ್ದೆಗೆಟ್ಟಿದ್ದೇನೆ. ನಾಲ್ಕನೇ ಟೆಸ್ಟಿನಲ್ಲಿ ಭಾಗವತರು ಕಣ್ಣು ಮುಚ್ಚಿ ಕೂತು ತೊಡೆಯ ಮೇಲೆ ತಾಳ ಹಾಕಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ. ಈಗ ಆಟ ತೆಗೆಯುವುದೇ 24ರಲ್ಲಿ.

ಸ್ಟೀರಿಯೊ ಮಿಕ್ಸನ್ನು ಹಾಗೇ ಟಾಕೀಸಿಗೆ ಕೊಂಡುಹೋಗಬೇಡಿ. ಎಡ ಬಲದಲ್ಲಿ ಮಾತ್ರ ಶಬ್ದ, ನಡುವಿನ ಸ್ಪೀಕರ್ ಸುಮ್ಮನೆ. ಬದಿಯ ಸೀಟಿನವರಿಗೆ ವೇಷ ನಡುವೆ ನಿಂತಿದ್ದರೂ ಮಾತು ಗೋಡೆಯಿಂದ ಬರುತ್ತದೆ. ಭಾಗವತರನ್ನೂ ವೇಷಗಳ ಮಾತನ್ನೂ ಸೆಂಟರಿಗೆ ಹಾಕಿ, ಚೆಂಡೆ ಮದ್ದಲೆಯನ್ನು ಎಡ ಬಲಕ್ಕೆ ಹಂಚಿದೆ. ಹಿಂದಿನ ಸ್ಪೀಕರಿಗೆ ಜನರ ಗದ್ದಲ, ದೂರದ ಜನರೇಟರ್ ಸದ್ದು ಸ್ವಲ್ಪ. ಗದ್ದೆಯಲ್ಲಿ ಕೂತ ಹಾಗೆ ಆಯಿತು.

ಬೆಳಕಿನಲ್ಲೂ ಎಡವಿದೆ. ಪರದೆಯಿಂದ ನಮ್ಮ ಕಡೆಗೆ 14 ಫುಟ್ ಲ್ಯಾಂಬರ್ಟ್ (ಅದು ಬೆಳಕಿನ ಅಳತೆ) ಬೆಳಕು ಬರಬೇಕು ಅಂತ ನಿಯಮ. ಲ್ಯಾಂಪ್ ಹಳೆಯದಾದರೆ ಅಷ್ಟು ಎಲ್ಲಿ ಬರುತ್ತದೆ? ಮನೆಯ ಮಾನಿಟರಿನಲ್ಲಿ ಚಂದ ಕಂಡ ರಾತ್ರಿ ಅಲ್ಲಿ ಬರೀ ಕತ್ತಲೆ. ಮಾನಿಟರಿನ ಬೆಳಕು ತಗ್ಗಿಸಿ, ರೂಮಿನ ಲೈಟು ಆರಿಸಿ ಮತ್ತೆ ಗ್ರೇಡ್ ಮಾಡಿದೆ, ಅಂದರೆ ಬಣ್ಣ ಬೆಳಕು ತಿದ್ದಿದೆ. ಬಣ್ಣದ ವೇಷದ ಕೆಂಪು ಮೊದಲು ಒಂದೇ ಗಡ್ಡೆಯಾಗಿ ಕಾಣುತ್ತಿತ್ತು. ಕೆಂಪನ್ನು ಸ್ವಲ್ಪ ಇಳಿಸಿದ ಮೇಲೆ ಕೆನ್ನೆಯ ಗೆರೆಗಳೆಲ್ಲ ಎದ್ದು ಬಂದವು. ಮುಖದ ಮೇಲೆ ಇಟ್ಟ ಚುಟ್ಟಿಯ ಅಕ್ಕಿಹಿಟ್ಟಿನ ಮುಳ್ಳು ಒಂದೊಂದನ್ನೂ ಎಣಿಸಬಹುದಿತ್ತು. ಒಂದು ಮುಳ್ಳಿನ ತುದಿ ಮುರಿದಿತ್ತು. ವೇಷ ಕಟ್ಟುವ ಚೌಕಿಯಲ್ಲಿ ಮಾರು ದೂರದಲ್ಲಿ ಕೂತು ತೆಗೆದ ನನಗೇ ಅದು ಅಲ್ಲಿವರೆಗೆ ಕಂಡಿರಲಿಲ್ಲ.

ನಡುವೆ ಒಂದು ಹುಚ್ಚು. ಒಂದು ಕ್ಯಾಮೆರಾ 50 ಫ್ರೇಮಿನಲ್ಲಿ ಇತ್ತು. ಧೀಂಗಿಣದ (ವೇಷ ಗಿರಗಿರ ಸುತ್ತುವ ಕುಣಿತದ) ಎರಡು ನಿಮಿಷವನ್ನು 48 ಫ್ರೇಮಿನ ಡಿಸಿಪಿ ಮಾಡಿ ಹಾಕಿ ನೋಡಿದೆ. 24ರಲ್ಲಿ ಸುತ್ತು ತಟತಟ ಹಾರುತ್ತದೆ, 48ರಲ್ಲಿ ಬೆಣ್ಣೆ. ಆಪರೇಟರಣ್ಣ ಮಾತ್ರ "ಟಿವಿ ಹಾಗೆ ಉಂಟು" ಅಂದರು. ನನಗೆ ತುಂಬಾ ಹಿಡಿಸಿತು. ಒಂದು ಇಡೀ ಆಟ ಹಾಗೆ ಮಾಡಬೇಕು ಅಂತ ಮನಸ್ಸಿನಲ್ಲಿದೆ.

ಮಲಯಾಳಿ ನೆರೆಹೊರೆಯವರೂ ಬರುತ್ತಾರೆ ಅಂತ ಮಲಯಾಳಂ ಸಬ್‌ಟೈಟಲ್ ಹಾಕಿದೆ. ಬೇರೆ ಫೈಲಾಗಿ ಕೊಟ್ಟರೆ ಸರ್ವರ್ ಕೂಡಕ್ಷರಗಳನ್ನೆಲ್ಲ ಒಡೆದು ಹಾಕಿತು. ಕನ್ನಡದ ಒತ್ತಕ್ಷರ ಹಾಕಿ ನೋಡಿದೆ, ಅದೂ ಅದೇ ಗತಿ. ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚಾದ ಹಾಗೆ ಸೇರಿಸಿದ ಮೇಲೆ ಸರಿಯಾಯಿತು. ನಮ್ಮ ಭಾಷೆಗಳಿಗೆ ನಾನು ಕಂಡ ನಂಬಿಕೆಯ ದಾರಿ ಅದು.

ಡಿಸಿಪಿ ಮಾಡುವಾಗ ಹಳೇ ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ ಎರಡು ಫ್ರೇಮ್ ಆಗುತ್ತಿತ್ತು. 100 ನಿಮಿಷ ಅಂದರೆ 1,44,000 ಫ್ರೇಮ್, ಸುಮಾರು 20 ಗಂಟೆ. ಆಟಿ ತಿಂಗಳ ಮಳೆ, ಗಾಳಿಗೆ ಕರೆಂಟು ಹೋಗುತ್ತಲೇ ಇರುತ್ತದೆ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಗೆಳೆಯನ ಕಂಪ್ಯೂಟರಿನಲ್ಲಿ ಏಳು ಗಂಟೆಯೊಳಗೆ ಮುಗಿಯಿತು. ಡಿಸಿಪಿಯ ಚಿತ್ರ ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಹೋಗಬಹುದು. ನಾನು 100ರಲ್ಲಿ ನಿಲ್ಲಿಸಿದೆ. ಚಿತ್ರ 75 ಜಿಬಿ ಆಸುಪಾಸು ಬಂತು. ಪರದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಬೆಳಿಗ್ಗೆ ಮೊದಲ ಶೋಗೆ ಮುಂಚೆ ಎರಡು ಗಂಟೆ ಪರದೆ ಕೊಟ್ಟದ್ದಕ್ಕೆ 2,000. ಅಂಥ ಐದು ಬೆಳಿಗ್ಗೆ. ಡಿಸ್ಕ್ ಎರಡಕ್ಕೆ 9 ಸಾವಿರ, ಒಂದು ಬೈಕಿನಿಂದ ಬಿದ್ದು ಹೋಯಿತು. ರ‍್ಯಾಮ್, ಯುಪಿಎಸ್ ಸೇರಿ 9-10 ಸಾವಿರ. ಅನುವಾದ ಮಾಡಿದ ಮಾಷ್ಟ್ರಿಗೆ 3 ಸಾವಿರ, ಅದೂ ಅವರು ಬೇಡ ಬೇಡ ಅಂದರೂ ಕೊಟ್ಟದ್ದು. ಹೋದ ಮುಂಗಡ ಸೇರಿಸಿದರೆ 32-33 ಸಾವಿರ. ಸ್ಟುಡಿಯೊ ಹೇಳಿದ್ದಕ್ಕಿಂತ ತುಂಬಾ ಕಡಿಮೆ ಏನಲ್ಲ. ಆದರೆ ಆಟ ಸರಿಯಾಗಿ ಕಾಣುವವರೆಗೆ ತಿದ್ದಲು ಆಯಿತು. ಎರಡನೆಯದಕ್ಕೆ ಟೆಸ್ಟಿನ ಬಾಡಿಗೆ ಬಿಟ್ಟರೆ ಹೆಚ್ಚು ಖರ್ಚಿಲ್ಲ.

ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದ್ದರಿಂದ ಟಿಕೆಟ್ ಇಡಲಿಲ್ಲ. ಮೇಳದವರು, ಅವರ ಮನೆಯವರು, ನಾವು ಕರೆದವರು ಅಷ್ಟೇ. ಬಣ್ಣದ ವೇಷದ ಅಬ್ಬರಕ್ಕೆ ಮುಂದಿನ ಸಾಲಿನ ಒಂದು ಮಗು ಅಮ್ಮನ ಸೆರಗಿನೊಳಗೆ ಹೋಯಿತು. ವೇಷ ಮಾಡಿದ ಕಲಾವಿದರು ಅದರ ಹಿಂದಿನ ಸಾಲಿನಲ್ಲೇ ಬಿಳಿ ಪಂಚೆ ಉಟ್ಟು ಕೂತಿದ್ದರು. ಇಷ್ಟು ವರ್ಷ ವೇಷ ಕಟ್ಟಿದರೂ ತನ್ನ ಆಟವನ್ನು ಎದುರಿನಿಂದ ನೋಡಿದ್ದು ಇದೇ ಮೊದಲು ಅಂತ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು.

ಬರುವ ಭಾನುವಾರ ಎರಡನೇ ಆಟದ ಟೆಸ್ಟ್. ಆಪರೇಟರಣ್ಣ ಏಳು ಗಂಟೆಗೆ ಬಾಗಿಲು ತೆಗೆಯುತ್ತೇನೆ ಅಂದಿದ್ದಾರೆ. ಈ ಸಲ ಬಾಡಿಗೆ ಬೇಡವಂತೆ, ಚಾ ತಂದರೆ ಸಾಕಂತೆ.