ಮುಷ್ಟಿ ಬಿಡದ ಕೈಗೆ ಎರಡು ಕೈಯ ಕೆಲಸ

ತೀರ್ಥಹಳ್ಳಿ ಕಡೆಯ ಒಂದು ಮನೆ. ಜಗುಲಿಯಲ್ಲಿ ಕೂತ ಆರು ವರ್ಷದ ಹುಡುಗಿ ಎಡಗೈಯಲ್ಲಿ ಚಕ್ಕುಲಿ ಎತ್ತಿ ತಿನ್ನುತ್ತಾಳೆ. ಬಲಗೈ ಮಡಚಿ ಎದೆಗೆ ಅಂಟಿಕೊಂಡಿದೆ, ಹೆಬ್ಬೆರಳು ಮುಷ್ಟಿಯೊಳಗೆ. ಅಜ್ಜಿ ದಿನಾ ಎಣ್ಣೆ ಹಚ್ಚಿ ನೀವುತ್ತಾರೆ. ನೀವಲಿ, ಇಬ್ಬರಿಗೂ ಅದು ಹಿತ. ಆದರೆ ಎಣ್ಣೆಯಿಂದ ಕೈ ಕೆಲಸ ಕಲಿಯುವುದಿಲ್ಲ. ಅವಳಿಗಿರುವುದು ಸೆರೆಬ್ರಲ್ ಪಾಲ್ಸಿ. ಇದರಲ್ಲಿ ಪೆಟ್ಟು ಬಿದ್ದಿರುವುದು ಕೈಗಲ್ಲ, ಕೈಯನ್ನು ಆಡಿಸುವ ಮೆದುಳಿಗೆ. ಮಗು ತಾನೇ ಒದ್ದಾಡಿ ಮಾಡಿದ ಕೆಲಸದಿಂದಷ್ಟೇ ಮೆದುಳು ಕಲಿಯುತ್ತದೆ.

ಮೊದಲು ಗುರುತಿಸುವುದು. ವರ್ಷ ತುಂಬದ ಕೂಸು ಯಾವಾಗಲೂ ಒಂದೇ ಕೈ ಚಾಚುತ್ತಿದ್ದರೆ 'ಎಡಚ ಆಗ್ತಾನೆ ಬಿಡಿ' ಎಂದು ಸುಮ್ಮನಾಗಬೇಡಿ. ಆಶಾ ಕಾರ್ಯಕರ್ತೆಗೋ ಅಂಗನವಾಡಿಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರಿಗೋ ತಿಳಿಸಿ, ಇಲ್ಲವೇ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ.

ಆಮೇಲೆ ಒಂದು ಕೆಲಸ ಆರಿಸಿ, ಒಂದೇ. 'ಕೈ ಸರಿಹೋಗಬೇಕು' ಎನ್ನುವುದು ಗುರಿಯಲ್ಲ. ನಮ್ಮ ಹುಡುಗಿ ಕೇಳಿದ್ದು, ಜೂನ್‌ನಲ್ಲಿ ಶಾಲೆಗೆ ಹೋಗುವಾಗ ತನ್ನ ಕೊಡೆ ತಾನೇ ಬಿಚ್ಚಬೇಕು ಎಂದು. ಎಂಥ ಒಳ್ಳೆಯ ಆಯ್ಕೆ! 'ಆ ಕೈಲೂ ಮಾಡು ಪುಟ್ಟಿ' ಎಂದು ನೂರು ಸಲ ಗದರಿದರೂ ಆಗದ್ದನ್ನು ಕೊಡೆ ಮಾಡಿಸುತ್ತದೆ. ಎರಡು ಕೈ ಇಲ್ಲದೆ ಅದು ಬಿಚ್ಚುವುದೇ ಇಲ್ಲ.

ಕಲಿಸುವ ಕ್ರಮ ಹೀಗೆ. ಗುಂಡಿ ಒತ್ತುವ ಕೊಡೆ ಬೇಡ, ನೂಕಿ ಬಿಚ್ಚುವುದು ಇರಲಿ. ಹಿಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿ, ಜಾರುವುದಿಲ್ಲ. ಮುಷ್ಟಿ ಬಿಡಿಸಲು ಬೆರಳ ತುದಿ ಹಿಡಿದು ಎಳೆಯಬೇಡಿ, ಇನ್ನೂ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಗೆ ತನ್ನಿ. ಬೆರಳು ಸಡಿಲಾಗುತ್ತವೆ. ಹಿಡಿಯನ್ನು ಆ ಕೈಗೆ ಕೊಡಿ. ಮುಕ್ಕಾಲು ಪಾಲು ನೀವೇ ಬಿಚ್ಚಿ, ಕೊನೆಯ 'ಟಕ್' ಮಾತ್ರ ಅವಳು ಒಳ್ಳೆಯ ಕೈಯಿಂದ ನೂಕಲಿ. ಅದು ಬಂದ ಮೇಲೆ ಅರ್ಧ, ಆಮೇಲೆ ಪೂರ್ತಿ. ತಡವಾದರೆ ಕೈ ಹಾಕಬೇಡಿ. ಮನೆಯವರಿಗೆ ಇದೇ ಅತಿ ಕಷ್ಟದ ಹಂತ.

ಇನ್ನೊಂದು ದಾರಿ ಇದೆ: ಒಳ್ಳೆಯ ಕೈಗೆ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಆಡಿಸುವುದು. ಚೆನ್ನೆಮಣೆ ಇದಕ್ಕೆ ಹೇಳಿ ಮಾಡಿಸಿದ್ದು, ಹದಿನಾಲ್ಕು ಗುಳಿಗೂ ಬೀಜ ಹಾಕಬೇಕಲ್ಲ. ಬೀಜ ಬೆರಳ ಹಿಡಿತಕ್ಕೆ ಸಿಗದಿದ್ದರೆ ಅಡಿಕೆಯಿಂದ ಶುರುಮಾಡಿ. ಬಾಯಿಗೆ ಹಾಕುವ ಮಕ್ಕಳಿಗೆ ಎರಡೂ ಬೇಡ. ಒಂದು ಬದಿ ಮಾತ್ರ ಸೋತ ಮಕ್ಕಳಿಗೆ ಈ ವಿಧಾನ, ಅದೂ ಥೆರಪಿಸ್ಟ್ ಹೇಳಿದ ಮೇಲೆ, ಕೂತಲ್ಲಿ ಮಾತ್ರ. ಪಾಚಿ ಕಟ್ಟಿದ ಅಂಗಳದಲ್ಲಿ ಬಿದ್ದರೆ ಊರಲು ಒಳ್ಳೆಯ ಕೈ ಬಿಡುವಾಗಿರಬೇಕು.

ಈ ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಅಷ್ಟೇ ಗಂಟೆ ಮಾಡಿದರೆ ಫಲ ಹೆಚ್ಚುಕಡಿಮೆ ಒಂದೇ. ಕೈಯ ಒಟ್ಟಾರೆ ಬಳಕೆ ಸುಧಾರಿಸಲು ಸುಮಾರು 30–40 ಗಂಟೆ ಅಭ್ಯಾಸ ಬೇಕು. ದಿನಕ್ಕೆ ಒಂದು ಗಂಟೆಯಂತೆ ಆರು ವಾರ.

ಬಿಗಿತ ತೀರಾ ಹೆಚ್ಚಿದ್ದರೆ ವೈದ್ಯರು ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಹೇಳಬಹುದು. ಅದರ ಸಡಿಲ ಸುಮಾರು ಮೂರು ತಿಂಗಳು. ಆಗ ಅಭ್ಯಾಸ ಮಾಡಿಸದಿದ್ದರೆ ಚುಚ್ಚಿಸಿದ್ದು ದಂಡ. ಕೈಗೆ ಕಟ್ಟುವ ಆಸರೆಪಟ್ಟಿ, ಅಂದರೆ ಸ್ಪ್ಲಿಂಟೂ ಅಷ್ಟೆ, ಕೈಗೆ ಆಧಾರವೇ ಹೊರತು ಪಾಠವಲ್ಲ. ಎರಡೂ ಕೈ ತೀವ್ರ ಸೋತ ಮಗುವಿಗೆ ಗುರಿಯೇ ಬೇರೆ: ಅಂಗೈ ತೊಳೆಯಲು ಬರಬೇಕು, ಅಂಗಿ ತೋಳು ಏರಬೇಕು, ನೋವಿರಬಾರದು.

ಕಾಗದಪತ್ರವನ್ನೂ ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಥೆರಪಿಯೂ ಸೇರಿ 1 ಲಕ್ಷ ರೂಪಾಯಿವರೆಗೆ ನೆರವಿದೆ.

ಹುಡುಗಿ ಈಗ ಕೊಡೆ ಬಿಚ್ಚುತ್ತಾಳೆ. ಮಡಿಸಲು ಬರುವುದಿಲ್ಲ. ಶಾಲೆಯ ಬಾಗಿಲಲ್ಲಿ ಯಾರಾದರೂ ಮಡಿಸಿಕೊಡುತ್ತಾರೆ, ಇಲ್ಲದಿದ್ದರೆ ಬಿಚ್ಚಿದ್ದನ್ನೇ ಮೂಲೆಯಲ್ಲಿ ಇಟ್ಟು ಒಳಗೆ ಹೋಗುತ್ತಾಳೆ.